ಕಡಕ್ಕರಪ್ಪಳ್ಳಿಯ ವೈದ್ಯನ ಮನೆಯಂಗಳಕ್ಕೆ

ಎರ್ನಾಕುಲಂನಲ್ಲಿ ಆಲಪ್ಪುಳದ ರೈಲು ಹತ್ತಿ ಚೇರ್ತಲದಲ್ಲಿ ಇಳಿದೆ. ಅಲ್ಲಿಂದ ಆಟೊದಲ್ಲಿ ಕಡಕ್ಕರಪ್ಪಳ್ಳಿ. ದಾರಿಯುದ್ದಕ್ಕೂ ಮರಳು ನೆಲ, ತೆಂಗು, ಮತ್ತೆ ತೆಂಗು. ನಾನು ನೋಡಬೇಕಿದ್ದದ್ದು ಕೊಲ್ಲಾಟ್ಟು ಮನೆತನದ ಕುರ್ಯಾಲ, ಅಂದರೆ ಹಿರಿಯರ ನೆನಪಿಗೆ ದೀಪ ಹಚ್ಚುವ ಪುಟ್ಟ ಕಟ್ಟೋಣ. ಈಳವ ವೈದ್ಯ ಇಟ್ಟಿ ಅಚ್ಯುತನ್ ಈ ಮನೆಯವರು. ಈಳವರೆಂದರೆ ಮೇಲ್ಜಾತಿಯವರು ಆಗ ದೂರ ಇಟ್ಟಿದ್ದ ಕೇರಳದ ಒಂದು ಸಮುದಾಯ.

1670ರ ದಶಕದಲ್ಲಿ ಮಲಬಾರಿನ ಡಚ್ ಕಮಾಂಡರ್ ಆಗಿದ್ದ ಹೆಂಡ್ರಿಕ್ ವಾನ್ ರೀಡೆಗೆ ಇಲ್ಲಿನ ಗಿಡಮೂಲಿಕೆ ಬೇಕಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಕಾಯಿಲೆ ಬಿದ್ದರೆ ಯುರೋಪಿನಿಂದ ಔಷಧ ಬರುವತನಕ ಕಾಯುವಂತಿರಲಿಲ್ಲ. ಅಚ್ಯುತನ್ ಮತ್ತಿತರ ವೈದ್ಯರ ತಿಳಿವಳಿಕೆಯಿಂದ ಅವನು ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' (ಮಲಬಾರಿನ ತೋಟ) 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 740ಕ್ಕೂ ಹೆಚ್ಚು ಗಿಡಗಳು, ತಾಮ್ರದ ಹಾಳೆಯಲ್ಲಿ ಕೊರೆದು ಒತ್ತಿದ ಚಿತ್ರಗಳು.

ಅಂಗಳದಲ್ಲಿ ನಿಂತು ಮೊಬೈಲಿನಲ್ಲಿ ಮೊದಲ ಸಂಪುಟ ತೆರೆದೆ. ಶುರುವಾಗುವುದೇ ತೆಂಗಿನಿಂದ. ಚಿತ್ರವನ್ನು ಹಿಗ್ಗಿಸಿದರೆ ಹೆಸರು ನಾಲ್ಕು ಲಿಪಿಯಲ್ಲಿ ಕಾಣುತ್ತದೆ: ರೋಮನ್, ಮಲಯಾಳಂ, ಅರಬ್ಬಿ, ನಾಗರಿ. ನಾಗರಿಯ ಮುಂದೆ 'ಬ್ರಾಂ.', ಅಂದರೆ ಬ್ರಾಹ್ಮಣರ ಭಾಷೆ, ಎಂದಿದೆ. ಅದು ಕೊಂಕಣಿ, ಕೊಚ್ಚಿಯಲ್ಲಿದ್ದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ವೈದ್ಯರ ಮಾತು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆಡುವ ಭಾಷೆ ಆಗಲೇ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿತ್ತು ಎಂಬುದೇ ನನಗೆ ರೋಮಾಂಚನ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1675ರ ಏಪ್ರಿಲ್‌ನ ಪ್ರಮಾಣಪತ್ರ. ತಾನು ಯಾವ ಊರಿನ, ಯಾವ ಮನೆಯ ವೈದ್ಯ ಎಂದು ಅಚ್ಯುತನ್ ತಮ್ಮ ಲಿಪಿಯಲ್ಲೇ ಬರೆದುಕೊಟ್ಟಿದ್ದಾರೆ. ಗಿಡ, ಮರ, ಬಳ್ಳಿಗಳ ಹೆಸರನ್ನೂ ಗುಣವನ್ನೂ ತಮ್ಮ ಗ್ರಂಥದಿಂದ, ಅನುಭವದಿಂದ ತಿಳಿಸಿದ್ದಾಗಿ ಹೇಳುತ್ತಾರೆ. ಆ ಲಿಪಿಯ ಅಚ್ಚುಮೊಳೆ ಇಲ್ಲದ ಕಾರಣ ಆ ಬರಹವನ್ನೂ ಚಿತ್ರದಂತೆಯೇ ಕೊರೆದು ಒತ್ತಿದರು. ಜಾತಿಯಿಂದ ದೂರ ನಿಲ್ಲಬೇಕಾಗಿದ್ದ ವೈದ್ಯರೊಬ್ಬರ ಮಾತು, ಬ್ರಾಹ್ಮಣ ವೈದ್ಯರ ಪ್ರಮಾಣಪತ್ರದ ಜೊತೆಗೆ, ಒಂದೇ ಸಂಪುಟದಲ್ಲಿ! ಗಿಡದ ತಿಳಿವಳಿಕೆಗೆ ಮಾತ್ರ ಅಂಥ ಜಾಗ ಸಿಕ್ಕಿತು.

ಸಿಕ್ಕ ಜಾಗವಾದರೂ ಎಂಥದು? ಪುಸ್ತಕ ಲ್ಯಾಟಿನ್‌ನಲ್ಲಿತ್ತು. ಗಿಡಗಳಿಗೆ ವೈಜ್ಞಾನಿಕ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಅದನ್ನು ಓದಿ ಬಳಸಿಕೊಂಡ. ತಿಳಿವಳಿಕೆ ಕೊಟ್ಟ ಮನೆಯವರು ಓದುವಂತಿರಲಿಲ್ಲ. ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಟ್ಟಲೆ ದುಡಿದು, 2003ರಲ್ಲಿ ಇಂಗ್ಲಿಷ್ ಅನುವಾದ ಬಂತು, 2008ರಲ್ಲಿ ಮಲಯಾಳಂ. ಈ ಒಂದು ಕೆಲಸಕ್ಕೆ ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ಮಧ್ಯಾಹ್ನ ತಣ್ಣೀರ್ಮುಕ್ಕಂ ಅಣೆಕಟ್ಟೆಯ ಮೇಲೆ ವೇಂಬನಾಡು ಕಾಯಲನ್ನು (ಹಿನ್ನೀರನ್ನು) ದಾಟಿ ವೈಕಂಗೆ ಹೋದೆ. ದಾರಿಯಲ್ಲಿ ಡಾಕ್ಟರ್ ಪಲ್ಪು ನೆನಪಾದರು. ಅವರೂ ಈಳವರು. ಮದರಾಸಿನಲ್ಲಿ ವೈದ್ಯಕೀಯ ಓದಿದ ಅವರಿಗೆ ತಮ್ಮ ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರ ಪ್ಲೇಗಿನಲ್ಲಿ ಅವರು ಬೆಂಗಳೂರಿನಲ್ಲಿ ದುಡಿದರು. ಅಚ್ಯುತನ್ ಹೆಸರು ಅಚ್ಚಾಗಿ ಇನ್ನೂರು ವರ್ಷ ಕಳೆದ ಮೇಲಿನ ಮಾತು ಇದು.

ವೈಕಂ ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ಈಗ ಯಾರು ಬೇಕಾದರೂ ಓಡಾಡುತ್ತಾರೆ. ಈಳವರಿಗೂ ದಲಿತರಿಗೂ ಇಲ್ಲದಿದ್ದ ಆ ಹಕ್ಕಿಗಾಗಿ 1924ರ ಮಾರ್ಚ್ 30ರಂದು ಇಲ್ಲಿ ಸತ್ಯಾಗ್ರಹ ಶುರುವಾಯಿತು. ಮೊದಲ ದಿನ ಆ ರಸ್ತೆಗೆ ಹೆಜ್ಜೆಯಿಟ್ಟ ಮೂವರಲ್ಲಿ ಒಬ್ಬರು ಈಳವರು.