ಇಪ್ಪತ್ತಾರು ಅಂಕಿಗಳ ಆ ಉತ್ತರ

ಶಕುಂತಲಾ ದೇವಿಯವರ ಹೆಸರು ಬಂದೊಡನೆ ಎಲ್ಲರ ಬಾಯಲ್ಲೂ ಬರುವುದು 28 ಸೆಕೆಂಡಿನ ಮಾತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, 13 ಅಂಕಿಗಳ ಎರಡು ಸಂಖ್ಯೆಗಳನ್ನು ನಮ್ಮ ಬೆಂಗಳೂರಿನ ಈ ಹೆಣ್ಣುಮಗಳು ಮನಸ್ಸಿನಲ್ಲೇ ಗುಣಿಸಿ ಉತ್ತರ ಹೇಳಿದರು. ಉತ್ತರ ಎಂಥ ಸಂಖ್ಯೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೋ ಅದರ ಮೇಲೇ ಪ್ರೀತಿ.

7,686,369,774,870 × 2,465,099,745,779 = 18,947,668,177,995,426,462,773,730

ನಮ್ಮ ಎಣಿಕೆಯಲ್ಲಿ ಇದು ಹದಿನೆಂಟು ಸಾವಿರದ ಒಂಬೈನೂರ ನಲವತ್ತೇಳು ಕೋಟಿ ಕೋಟಿ ಕೋಟಿಗೂ ಮಿಗಿಲು.

ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವಳು ನಾನು. ಎಷ್ಟೇ ದೊಡ್ಡ ಮೊತ್ತವಾಗಲಿ, ಮೊದಲು ತಾಳೆ ನೋಡದಿದ್ದರೆ ಸಮಾಧಾನವಿಲ್ಲ. ಒಂಬತ್ತರ ತಾಳೆ ಸುಲಭ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. 9ರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡ್ಲೆ ಹನ್ನೆರಡು, ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ಸರಿಯಾಯಿತು. ಆದರೆ ಎರಡು ಅಂಕಿಗಳು ಅದಲುಬದಲಾಗಿದ್ದರೆ ಈ ತಾಳೆಗೆ ಅದು ಗೊತ್ತಾಗುವುದೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಹೆಚ್ಚಾಗಿ ಕಾಡುವ ತಪ್ಪೂ ಅದೇ.

ಅದಕ್ಕೇ 1001 ಬೇಕು. 7, 11, 13 ಈ ಮೂರರ ಗುಣಲಬ್ಧ ಅದು. ಸಾವಿರಕ್ಕಿಂತ ಒಂದೇ ಒಂದು ಹೆಚ್ಚು. ಆದ್ದರಿಂದ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸುತ್ತಾ ಇನ್ನೊಂದನ್ನು ಕಳೆಯುತ್ತಾ ಹೋದರೆ 1001ರಿಂದ ಭಾಗಿಸಿದಾಗಿನ ಶೇಷದ ಲೆಕ್ಕ ಸಿಗುತ್ತದೆ. ಮೊದಲ ಸಂಖ್ಯೆಗೆ −214, ಎರಡನೆಯದಕ್ಕೆ −330. ಇವುಗಳ ಗುಣಲಬ್ಧ 70,620. ಅದರಲ್ಲಿ 1001ರ ಎಪ್ಪತ್ತು ಪಾಲು ತೆಗೆದರೆ ಉಳಿಯುವುದು 550. ಉತ್ತರದ ಒಂಬತ್ತು ಗುಂಪುಗಳನ್ನು ಹಾಗೇ ಕೂಡಿ ಕಳೆದೆ: 550! ಎಷ್ಟು ಚೆಂದ. ಸುಮ್ಮನೆ ಬಾಯಿಗೆ ಬಂದ ಸಂಖ್ಯೆಯೊಂದು ಈ ಎರಡೂ ತಾಳೆಗಳನ್ನು ದಾಟುವ ಸಂಭವ 9009ರಲ್ಲಿ ಒಂದು ಮಾತ್ರ.

ಇನ್ನೊಂದು ಸಂಗತಿಯೂ ಇಲ್ಲೇ ಸಿಕ್ಕಿತು. 330 ಎಂದರೆ 11ರ ಮೂವತ್ತರಷ್ಟು. ಹಾಗಾಗಿ ಎರಡನೆಯ ಸಂಖ್ಯೆಯೂ ಅದರೊಂದಿಗೆ ಉತ್ತರವೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಉತ್ತರ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಕೊನೆಯಲ್ಲಿ ಒಂದೇ ಸೊನ್ನೆ ಇರುವುದರಿಂದ ಇದು ಪೂರ್ಣ ವರ್ಗವಾಗಲು ಸಾಧ್ಯವೇ ಇಲ್ಲ. ಉತ್ತರವನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆದರೆ 2, 3, 5, 11 ಒಂದೊಂದೇ ಸಲ ಬರುತ್ತವೆ. 7, 13, 17, 19 ಬರುವುದಿಲ್ಲ.

ಇಷ್ಟನ್ನು ತೆಗೆದ ಮೇಲೆ ಮೊದಲ ಸಂಖ್ಯೆಯಲ್ಲಿ 256,212,325,829 ಉಳಿದಿದೆ, ಎರಡನೆಯದರಲ್ಲಿ 224,099,976,889. ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಒಡೆದು ಕೊಡುತ್ತದೆ. ನನಗೆ ಕೊಡಲು ಮನಸ್ಸಿಲ್ಲ. ಮುಂದಿನ ಅವಿಭಾಜ್ಯ ಸಂಖ್ಯೆ 23. ರಾತ್ರಿ ಊಟವಾದ ಮೇಲೆ ಅಲ್ಲಿಂದ ಮುಂದುವರಿಸುತ್ತೇನೆ.