ಒಂದು, ಹನ್ನೊಂದು, ಇಪ್ಪತ್ತೊಂದು, ಮೂವತ್ತೊಂದು

ನಲವತ್ತು ಗುಂಡುಗಳ ಪೈಕಿ ನಾಲ್ಕನ್ನು ಅಳಿಸಿದರೆ ಸಾಕು, ವೇಗದ ಮಾನಕ ವಿಚಲನೆ, ಅಂದರೆ ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಸೆಕೆಂಡಿಗೆ 1.8 ಮೀಟರಿನಿಂದ 1.1ಕ್ಕೆ ಇಳಿಯುತ್ತಿತ್ತು. ನನ್ನ ಬೆರಳು ಅಳಿಸುವ ಕೀಲಿಯ ಮೇಲೆಯೇ ಇತ್ತು.

ಅಂದು ಬೆಳಿಗ್ಗೆ ಏರ್ ರೈಫಲ್‌ನಲ್ಲಿ 0.53 ಗ್ರಾಂ ತೂಕದ ಪೆಲೆಟ್‌ಗಳನ್ನು (ಅದರ ಪುಟ್ಟ ಗುಂಡುಗಳನ್ನು) ಹಾರಿಸಿ, ಪ್ರತಿಯೊಂದರ ವೇಗವನ್ನೂ ರೇಡಾರ್ ಕ್ರೋನೋಗ್ರಾಫ್‌ನಲ್ಲಿ ದಾಖಲಿಸಿದ್ದೆ. ಸರಾಸರಿ ಸೆಕೆಂಡಿಗೆ 174 ಮೀಟರ್. ಮೂವತ್ತಾರು ಗುಂಡುಗಳು ಅದರ ಆಸುಪಾಸಿನಲ್ಲೇ ಇದ್ದವು. ನಾಲ್ಕು ಮಾತ್ರ 178ನ್ನು ದಾಟಿದ್ದವು. ರೇಡಾರ್ ಪಕ್ಕದ ಸಾಲಿನವರ ಗುಂಡನ್ನು ಹಿಡಿದಿರಬೇಕು ಎಂದುಕೊಂಡೆ.

ಆದರೂ ನೋಡದೆ ಅಳಿಸುವುದು ಸರಿಯೆನಿಸಲಿಲ್ಲ. ನನ್ನ ಉಪಕರಣ 24 ಗಿಗಾಹರ್ಟ್ಜ್‌ ಅಲೆಯನ್ನು ಹೊರಸೂಸುತ್ತದೆ. 174 ಮೀಟರ್ ವೇಗದಲ್ಲಿ ದೂರ ಸರಿಯುವ ಗುಂಡಿಗೆ ತಾಗಿ ಮರಳುವಾಗ ಆ ಅಲೆಯ ಕಂಪನಾಂಕ ಸುಮಾರು 28,000 ಹರ್ಟ್ಜ್‌ ತಗ್ಗಿರುತ್ತದೆ. ಹೀಗೆ ಕೆಲವು ಮೀಟರ್ ದೂರ ಗುಂಡಿನ ಬೆನ್ನು ಹತ್ತಿ, ನಳಿಕೆಯ ಬಾಯಲ್ಲಿದ್ದ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಅಳತೆ ತಪ್ಪಿದ್ದರೆ ದಾರಿಯುದ್ದಕ್ಕೂ ಅಳೆದ ವೇಗದ ಬಿಂದುಗಳು ಚದುರಿರಬೇಕಿತ್ತು. ನಾಲ್ಕರಲ್ಲೂ ಅವು ನಯವಾದ ಒಂದೇ ಇಳಿಜಾರಿನಲ್ಲಿ ಕೂತಿದ್ದವು. ಪೆಲೆಟ್ ಹಗುರವಿತ್ತೇ? ಅಷ್ಟು ವೇಗ ಹೆಚ್ಚಲು ತೂಕ ಶೇಕಡಾ 5ರಷ್ಟಾದರೂ ಕಡಿಮೆಯಿರಬೇಕು. ಡಬ್ಬಿಯಲ್ಲಿ ಉಳಿದಿದ್ದವನ್ನೆಲ್ಲ ತೂಗಿದೆ, ಒಂದೂ ಹಾಗಿರಲಿಲ್ಲ.

ಆಮೇಲೆ ಹೊಳೆಯಿತು. ಓದಲು ಅನುಕೂಲವೆಂದು ಪಟ್ಟಿಯನ್ನು ಮೊದಲೇ ವೇಗದ ಏರಿಕೆ ಕ್ರಮದಲ್ಲಿ ಜೋಡಿಸಿಬಿಟ್ಟಿದ್ದೆ. ಹಾರಿಸಿದ ಸಮಯದ ಪ್ರಕಾರ ಮತ್ತೆ ಜೋಡಿಸಿದಾಗ ಆ ನಾಲ್ಕು ಗುಂಡುಗಳು ನಿಂತ ಜಾಗ: 1, 11, 21, 31. ಪ್ರತಿ ಹತ್ತು ಗುಂಡಿಗೊಮ್ಮೆ ನಾನು ಗುರಿಕಾಗದ ಬದಲಿಸಿ ಸ್ವಲ್ಪ ಹೊತ್ತು ಕೂರುತ್ತಿದ್ದೆ!

ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಡಬೇಕಾದ ರೆಗ್ಯುಲೇಟರ್, ರೈಫಲ್ ಸುಮ್ಮನಿದ್ದಾಗ ಸಣ್ಣಗೆ ಸೋರುತ್ತಿತ್ತು. ಸಿಲಿಂಡರಿನ ಗಾಳಿ ಒಳಕೋಣೆಗೆ ನುಸುಳಿ ಒತ್ತಡ ಏರುತ್ತಿತ್ತು. ವಿರಾಮದ ನಂತರದ ಮೊದಲ ಗುಂಡು ಅದನ್ನೆಲ್ಲ ಹೊತ್ತು ಹೋಗುತ್ತಿತ್ತು. ಮರುದಿನ ಬೇಕೆಂದೇ ಕಾದು ನೋಡಿದೆ. ಒಂದು ನಿಮಿಷಕ್ಕೆ ವ್ಯತ್ಯಾಸವಿಲ್ಲ, ಐದು ನಿಮಿಷಕ್ಕೆ 2 ಮೀಟರ್, ಹದಿನೈದಕ್ಕೆ 5.

ಹತ್ತು ಮೀಟರ್ ದೂರದ ಗುರಿಯಲ್ಲಿ, ವೇಗದಲ್ಲಿ ಸೆಕೆಂಡಿಗೆ 5 ಮೀಟರಿನ ಆ ಹೆಚ್ಚಳ ಗುಂಡನ್ನು ಸುಮಾರು ಒಂದು ಮಿಲಿಮೀಟರ್ ಮೇಲಕ್ಕೆ ಒಯ್ಯುತ್ತದೆ. ಅಂಕದ ಹತ್ತನೇ ಒಂದು ಭಾಗವನ್ನೂ ಲೆಕ್ಕ ಹಿಡಿಯುವ ದಶಮಾಂಶದ ಎಣಿಕೆಯಲ್ಲಿ ಅದು 0.4 ಅಂಕ, ಸಣ್ಣದೇನಲ್ಲ. ವಿರಾಮದ ನಂತರ ಮೇಲೆ ಬೀಳುವ ಆ ಗುಂಡಿಗಾಗಿ ನಾನು ತಿಂಗಳುಗಟ್ಟಲೆ ನನ್ನ ಉಸಿರನ್ನು ತಿದ್ದುತ್ತ, ಭುಜವನ್ನು ದೂರುತ್ತ ಬಂದಿದ್ದೆ. ಅದನ್ನು ನೆನೆದಾಗ ಗಂಟಲು ಕಟ್ಟಿತು.

ರೆಗ್ಯುಲೇಟರ್ ಬಿಚ್ಚಿಸಿದಾಗ ಒಳಗೆ ಗಾಳಿಯನ್ನು ತಡೆದು ಮುಚ್ಚುವ ಪ್ಲಾಸ್ಟಿಕ್ ಸೀಟಿನ ಮೇಲೆ ಕೂದಲೆಳೆಯಂಥ ಗೀರು ಕಂಡಿತು. ಹೊಸ ಸೀಟು ಹಾಕಿಸಿ, ಮೊದಲಿನಷ್ಟೇ ವಿರಾಮ ಕೊಟ್ಟು, ಮತ್ತೆ ನಲವತ್ತು ಗುಂಡು ಹಾರಿಸಿದೆ. ಪಟ್ಟಿಯನ್ನು ಈ ಸಲ ಮರುಜೋಡಿಸದೆ ಓದುತ್ತ ಹೋದೆ. ಒಂದನೆಯದು 173, ಹನ್ನೊಂದನೆಯದು 174, ಇಪ್ಪತ್ತೊಂದನೆಯದು 173, ಮೂವತ್ತೊಂದನೆಯದೂ 173.