ಮುತ್ತತ್ತಿಯಲ್ಲಿ ಕೆಂಪು ಬಾಲದ ಹುಡುಕಾಟ

ಕನಕಪುರ, ಸಾತನೂರು, ಹಲಗೂರು ದಾಟಿ ಕಾಡಿನೊಳಗೆ ಇಳಿದರೆ ಮುತ್ತತ್ತಿಯಲ್ಲಿ ಕಾವೇರಿ. ನದಿಯ ದೊಡ್ಡ ಮೀನಾದ ಮಹಸೀರ್‌ನ ಅಧ್ಯಯನಕ್ಕೆ ಹೋಗಿದ್ದ ಮೂರು ದಿನದಲ್ಲಿ ಬರೆಯಬೇಕಾದದ್ದು ಎರಡನೇ ದಿನದ ಬೆಳಗ್ಗೆ ಒಂದೇ.

ಇದು ವನ್ಯಜೀವಿಧಾಮ. ಅಧ್ಯಯನಕ್ಕಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲ. ಬೇಯಿಸಿದ ರಾಗಿಹಿಟ್ಟಿನ ಉಂಡೆ, ಮುಳ್ಳು ತೆಗೆದ ಕೊಕ್ಕೆ, ಗಂಟಿಲ್ಲದ ಬಲೆ. ಏಳೂವರೆಗೆ ಒಂದು ಮಹಸೀರ್ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕು ತಗಲಬಹುದು. ಅಳತೆಯೆಲ್ಲ ನೀರಿನಲ್ಲೇ ಆಯಿತು. ಈಜುರೆಕ್ಕೆಯ ತುದಿಯಿಂದ ಉಗುರಿನಷ್ಟು ಕತ್ತರಿಸಿ 95% ಎಥನಾಲ್‌ಗೆ ಹಾಕಿದರೆ ಡಿಎನ್‌ಎ ಪರೀಕ್ಷೆಗೆ ಸಾಕು. ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿ ಒರೆಸಲೇಬೇಕು.

ಹಿಂದಿನ ದಿನ ಶೀಶೆಯ ಮೇಲೆ ಪೆನ್ನಿನಲ್ಲಿ ಬರೆದದ್ದನ್ನು ಚೆಲ್ಲಿದ ಎಥನಾಲ್ ಅಳಿಸಿಹಾಕಿತ್ತು. ಮೂರು ಮಾದರಿ ಯಾವ ಮೀನಿನದೆಂದೇ ತಿಳಿಯದೆ ವ್ಯರ್ಥ. ಆ ಸಂಕಟ ಇನ್ನೂ ಹೋಗಿಲ್ಲ. ದಪ್ಪ ಕಾಗದದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಶೀಶೆಯೊಳಗೇ ಹಾಕಿ.

ತೆಪ್ಪದ ಅಜ್ಜ ಮೀನಿನತ್ತ ಬಗ್ಗಿ ನೋಡಿ, "ಇದಲ್ಲ ಸ್ವಾಮಿ," ಅಂದರು.

"ಯಾಕಜ್ಜ, ಮಹಸೀರೇ ತಾನೇ?"

"ಬಾಲ ನೋಡಿ, ನೀಲಿ. ನಮ್ ಹೊಳೆದು ಕೆಂಪು ಬಾಲದ್ದು. ತಲೆ ಹಿಂದೆ ಗೂನು ಇರ್ತಿತ್ತು. ಈಗೆಲ್ಲಿ ಬತ್ತದೆ ಅದು?"

ಅಜ್ಜ ಹೇಳಿದ್ದೇ ವಿಜ್ಞಾನವೂ ಹೇಳುವ ವ್ಯತ್ಯಾಸ. ಗೂನುಬೆನ್ನಿನ ಮಹಸೀರ್ ಕಾವೇರಿ ಮತ್ತು ಅದರ ಉಪನದಿಗಳದ್ದು ಮಾತ್ರ, 50 ಕೆ.ಜಿ. ದಾಟಬಲ್ಲದು. 2007ರಲ್ಲಿ, ಕಾವೇರಿಗೇ ನೀರು ಸೇರಿಸುವ ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಕೊಟ್ಟ ಟೋರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಇದಕ್ಕೂ ಸಲ್ಲುತ್ತದೆಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿತು. ಅಷ್ಟರಲ್ಲಿ ಮಹಾರಾಷ್ಟ್ರದ ಲೋಣಾವಳದ ಸಾಕಣೆ ಕೇಂದ್ರದ ಇನ್ನೊಂದು ಜಾತಿಯ, ನೀಲಿರೆಕ್ಕೆಯ ಮಹಸೀರ್ (ಟೋರ್ ಖುದ್ರೀ) ಮರಿಗಳು ದಶಕಗಳಿಂದ ಈ ನೀರಿಗೆ ಬಿದ್ದಿದ್ದವು. ಮಹಸೀರ್ ಹೆಚ್ಚಿತು ಎಂಬ ಸಂಭ್ರಮದಲ್ಲಿ ಯಾವ ಮಹಸೀರ್ ಎಂದು ಕೇಳಿದವರು ಕಡಿಮೆ. ಇಲ್ಲಿ ಮರಿ ಬಿಡುವ ಮೊದಲು ತಾಯಿಮೀನಿನ ಜಾತಿಯನ್ನು ಡಿಎನ್‌ಎಯಿಂದ ಖಚಿತಪಡಿಸಿಕೊಳ್ಳಲೇಬೇಕು. ಬರೀ ಎಣಿಕೆ ನಂಬಿ ಬಿಡುವ ಮರಿ ಬೇಡವೇ ಬೇಡ.

ಅಜ್ಜ ಮೀನಿನ ಹೊಟ್ಟೆಯಡಿ ಅಂಗೈ ಕೊಟ್ಟು, ಅದರ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದರು. ಕಿವಿರು ನಿಧಾನಕ್ಕೆ ಬಡಿಯತೊಡಗಿತು. ತಾನಾಗಿ ಬಾಲ ಬೀಸುವವರೆಗೂ ಕೈ ತೆಗೆಯಲಿಲ್ಲ.